ಅಧ್ಯಾಪಕರ ಮೇಲಿನ ಒತ್ತಡಕ್ಕೆ ಕವಿತೆ ಹೇಗೆ ಉತ್ತರವಾಗುತ್ತದೆ?

2025ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ತನ್ನ ಬೇಡಿಕೆಗಳಿಗೆ ಒಪ್ಪದ ಹಾರ್ವರ್ಡ್ ವಿಶ್ವವಿದ್ಯಾಲಯದ 220 ಕೋಟಿ ಡಾಲರಿಗೂ ಹೆಚ್ಚಿನ ಅನುದಾನವನ್ನು ತಡೆಹಿಡಿಯಿತು. ಮಕ್ಕಳನ್ನು ಓದಲೆಂದು ಅಮೆರಿಕಕ್ಕೆ ಕಳಿಸಿರುವ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಹೊನ್ನಾವರ ಕಡೆಯ ಮನೆಗಳಿಗೆ ಅದು ದೂರದ ಸುದ್ದಿಯಾಗಿ ಉಳಿಯಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಯ ನ್ಯಾಯಾಲಯವೊಂದು ಆ ತಡೆಯನ್ನು ಕಾನೂನುಬಾಹಿರವೆಂದು ಹೇಳಿತು. ಹಾರ್ವರ್ಡ್ ಸುದ್ದಿಗೆ ಕೆಲವೇ ದಿನ ಮೊದಲು, ಮಾರ್ಚ್ 28ರಂದು, ನಮ್ಮ ಸುಪ್ರೀಂ ಕೋರ್ಟು ಒಂದು ಕವಿತೆಯ ಮೇಲೆ ಗುಜರಾತಿನಲ್ಲಿ ದಾಖಲಾಗಿದ್ದ ಎಫ್‌ಐಆರನ್ನು ರದ್ದುಮಾಡಿತ್ತು. ಒಂದು ಸುದ್ದಿ ವಿಶ್ವವಿದ್ಯಾಲಯದ್ದು, ಇನ್ನೊಂದು ಕವಿತೆಯದು. ಆದರೆ ಇವೆರಡಕ್ಕೂ ಹಳೆಯ ನಂಟಿದೆ: ಅಧ್ಯಾಪಕರ ಬಾಯಿಗೆ ಬೀಗ ಬಿದ್ದ ಕಡೆಗಳಲ್ಲೆಲ್ಲ ಯಾರೋ ಒಬ್ಬರು ಕವಿತೆ ಬರೆದಿದ್ದಾರೆ. ಲೇಖನ ಬರೆಯಲು, ಭಾಷಣ ಮಾಡಲು ಬಲ್ಲವರು ಅಂಥ ಹೊತ್ತಿನಲ್ಲಿ ಕವಿತೆಯನ್ನೇ ಏಕೆ ಆರಿಸಿಕೊಳ್ಳುತ್ತಾರೆ, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮೊದಲಿನಿಂದ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಶೈಕ್ಷಣಿಕ ಸ್ವಾತಂತ್ರ್ಯ ಎಂದರೇನು?

ಅಧ್ಯಾಪಕರು ತಮ್ಮ ವಿಷಯವನ್ನು ತಮ್ಮ ತಿಳಿವಳಿಕೆಗೆ ತಕ್ಕಂತೆ ಪಾಠ ಮಾಡುವುದು, ಸಂಶೋಧನೆ ಮಾಡಿ ಕಂಡದ್ದನ್ನು ಪ್ರಕಟಿಸುವುದು, ತಾವು ದುಡಿಯುವ ಸಂಸ್ಥೆಯ ಬಗ್ಗೆಯೂ ಮುಕ್ತವಾಗಿ ಅಭಿಪ್ರಾಯ ಹೇಳುವುದು, ಇವೆಲ್ಲವನ್ನೂ ಒಟ್ಟಾಗಿ ಶೈಕ್ಷಣಿಕ ಸ್ವಾತಂತ್ರ್ಯ ಎನ್ನುತ್ತಾರೆ. ಯುನೆಸ್ಕೊ 1997ರಲ್ಲಿ ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನದ ಕುರಿತು ಅಂಗೀಕರಿಸಿದ ಶಿಫಾರಸಿನಲ್ಲಿ ಈ ಅಂಶಗಳಿವೆ. ಅದು ಶಿಫಾರಸು ಮಾತ್ರ, ಯಾವ ದೇಶವನ್ನೂ ಕಟ್ಟಿಹಾಕುವ ಕಾನೂನಲ್ಲ. ನಮ್ಮ ಸಂವಿಧಾನದಲ್ಲಿ ಅಧ್ಯಾಪಕರಿಗೆಂದು ಬೇರೆ ವಿಧಿಯಿಲ್ಲ. ಎಲ್ಲ ನಾಗರಿಕರಿಗೂ ವಾಕ್ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿಯೇ ಅವರಿಗೂ ಆಧಾರ, ಅದರ ಮೇಲೆ ನ್ಯಾಯಸಮ್ಮತ ನಿರ್ಬಂಧ ಹಾಕಲು ಅವಕಾಶ ಕೊಡುವ 19(2) ವಿಧಿಯೇ ಅವರಿಗೂ ಮಿತಿ.

ಇದು ತರಗತಿಯಲ್ಲಿ ಏನನ್ನಾದರೂ ಹೇಳುವ ಪರವಾನಗಿಯಲ್ಲ. ರಸಾಯನಶಾಸ್ತ್ರದ ಅವಧಿಯಲ್ಲಿ ಚುನಾವಣಾ ಪ್ರಚಾರ ಮಾಡುವ ಉಪನ್ಯಾಸಕರನ್ನು ತಡೆದರೆ ಅದು ಮೇಲ್ವಿಚಾರಣೆ. ಪಠ್ಯ ಮುಗಿಸಿ, ಹಾಜರಿ ಬರೆಯಿರಿ, ಮೌಲ್ಯಮಾಪನಕ್ಕೆ ಬನ್ನಿ ಎಂದು ಕೇಳುವುದೂ ಒತ್ತಡವಲ್ಲ. ಪಾಠ ಸರಿಯಾಗಿದೆಯೇ ಎಂಬುದನ್ನು ಆ ವಿಷಯ ಬಲ್ಲವರು ತೀರ್ಮಾನಿಸುವ ಬದಲು, ಅಧಿಕಾರದಲ್ಲಿರುವವರಿಗೋ ಅವರಿಗೆ ಹತ್ತಿರದವರಿಗೋ ಅದು ಹಿಡಿಸಿತೇ ಎಂಬುದರ ಮೇಲೆ ಅಧ್ಯಾಪಕರ ಕೆಲಸ ನಿಂತಾಗ ಅದನ್ನು ರಾಜಕೀಯ ಒತ್ತಡ ಎನ್ನಬೇಕಾಗುತ್ತದೆ. ಅಧಿಕಾರದಲ್ಲಿ ಯಾವ ಪಕ್ಷ ಇದ್ದರೂ ಈ ವ್ಯಾಖ್ಯೆ ಬದಲಾಗುವುದಿಲ್ಲ.

ಒತ್ತಡ ಯಾವ ದಾರಿಯಲ್ಲಿ ಬರುತ್ತದೆ?

ಜೈಲು, ವಜಾ ಮುಂತಾದವು ಕಣ್ಣಿಗೆ ಬೀಳುವ ರೂಪಗಳು. ದಿನನಿತ್ಯದ ಒತ್ತಡಕ್ಕೆ ಅಷ್ಟು ಸದ್ದಿಲ್ಲ, ಮತ್ತು ಅದನ್ನು ಅರಿಯಲು ಕಾಲೇಜುಗಳು ಯಾರ ಕೈಯಲ್ಲಿವೆ ಎಂಬುದನ್ನು ತಿಳಿಯಬೇಕು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಶಿರಸಿಯ ಪದವಿ ಕಾಲೇಜುಗಳು 1949ರಲ್ಲಿ ಸ್ಥಾಪನೆಯಾದ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟು ಬೆಳೆದವು. ಕಾರವಾರದ ಕೋಡಿಬಾಗದಲ್ಲಿ ಅದರ ಸಾಗರ ಜೀವಶಾಸ್ತ್ರ ವಿಭಾಗವಿದೆ. ಪಠ್ಯ ಮತ್ತು ಪರೀಕ್ಷೆ ಧಾರವಾಡದಿಂದ, ಸಂಬಳ ಬೆಂಗಳೂರಿನಿಂದ, ಅರ್ಹತೆಯ ನಿಯಮಗಳು ದೆಹಲಿಯ ವಿಶ್ವವಿದ್ಯಾಲಯ ಅನುದಾನ ಆಯೋಗದಿಂದ (ಯುಜಿಸಿ) ಬರುತ್ತವೆ. ಖಾಸಗಿ ಅನುದಾನಿತ ಕಾಲೇಜಾದರೆ ಊರಿನ ಆಡಳಿತ ಮಂಡಳಿಯೂ ಸೇರಿಕೊಳ್ಳುತ್ತದೆ. ಇವುಗಳಲ್ಲಿ ಯಾವ ಹಂತದಲ್ಲಾದರೂ ಒಂದು ದೂರವಾಣಿ ಕರೆ ಸಾಕು.

ಕಾಯಂ ಸರ್ಕಾರಿ ಅಧ್ಯಾಪಕರಿಗೆ ಇಂಥ ಒತ್ತಡ ವರ್ಗಾವಣೆಯಾಗಿ, ಕಾರಣ ಕೇಳಿ ನೋಟಿಸಾಗಿ, ತಡೆದ ಬಡ್ತಿಯಾಗಿ ಬರಬಹುದು. ಅತಿಥಿ ಉಪನ್ಯಾಸಕರ ಸ್ಥಿತಿ ಇದಕ್ಕಿಂತ ನಾಜೂಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇವರ ಸಂಖ್ಯೆ 10,000ಕ್ಕೂ ಹೆಚ್ಚು. ಎಷ್ಟೋ ಕಾಲೇಜುಗಳಲ್ಲಿ ಪಾಠದ ಹೆಚ್ಚಿನ ಭಾರ ಅವರ ಮೇಲಿದೆ. ಅವರನ್ನು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ತೆಗೆದುಕೊಳ್ಳುತ್ತಾರೆ. ಅಂಥವರನ್ನು ವಜಾ ಮಾಡಬೇಕಾಗಿಯೇ ಇಲ್ಲ, ಮುಂದಿನ ವರ್ಷ ಕರೆಯದಿದ್ದರೆ ಮುಗಿಯಿತು. ಆದೇಶವಿಲ್ಲ, ಆರೋಪವಿಲ್ಲ, ಆದ್ದರಿಂದ ಮೇಲ್ಮನವಿಯೂ ಇಲ್ಲ. ಯಾವ ಮಾತಿಗೆ ಏನಾದೀತು ಎಂದು ಗೊತ್ತಿಲ್ಲದಿದ್ದಾಗ ಮನುಷ್ಯ ತನ್ನ ಎಲ್ಲ ಮಾತುಗಳನ್ನೂ ತೂಗಿ ಆಡತೊಡಗುತ್ತಾನೆ. ಇದನ್ನು ಸ್ವಯಂ ಸೆನ್ಸಾರ್ ಎನ್ನುತ್ತಾರೆ. ವಿದ್ಯಾರ್ಥಿಗೆ ಆಗುವ ನಷ್ಟದಲ್ಲಿ ಇದೇ ದೊಡ್ಡದೆಂದು ನಾನು ಭಾವಿಸುತ್ತೇನೆ, ಏಕೆಂದರೆ ಹೇಳದೆ ಬಿಟ್ಟದ್ದು ಯಾವುದು ಎಂದು ಆ ವಿದ್ಯಾರ್ಥಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಮನವಿಪತ್ರ ಮತ್ತು ಕವಿತೆ

ಒತ್ತಡಕ್ಕೆ ಎದುರಾಗಿ ಅಧ್ಯಾಪಕರು ಮೊದಲು ಹಿಡಿಯುವ ಸಾಧನ ಸಾಮಾನ್ಯವಾಗಿ ಸಹಿ ಮಾಡಿದ ಮನವಿ. 2016ರ ಜನವರಿಯಲ್ಲಿ ಟರ್ಕಿಯ 1,128 ಅಧ್ಯಾಪಕರು, ಕುರ್ದ್ ಜನರಿರುವ ಪ್ರದೇಶಗಳಲ್ಲಿ ನಡೆದಿದ್ದ ಸೇನಾ ಕಾರ್ಯಾಚರಣೆಯನ್ನು ವಿರೋಧಿಸಿ ಒಂದು ಹೇಳಿಕೆಗೆ ಸಹಿ ಹಾಕಿದರು. ಆಮೇಲೆ ಆ ಸಂಖ್ಯೆ 2,000 ದಾಟಿತು. ಹೇಳಿಕೆ ಸ್ಪಷ್ಟವಾಗಿತ್ತು, ಹೆಸರುಗಳೂ ಸ್ಪಷ್ಟವಾಗಿದ್ದವು. ಆ ಸ್ಪಷ್ಟತೆಯೇ ಅವರಿಗೆ ಮುಳುವಾಯಿತು: ಆ ಪಟ್ಟಿಯನ್ನು ಮುಂದಿಟ್ಟುಕೊಂಡು ನೂರಾರು ಮಂದಿಯ ಮೇಲೆ ಮೊಕದ್ದಮೆ ಹೂಡಿದರು, ನೂರಾರು ಮಂದಿ ಕೆಲಸ ಕಳೆದುಕೊಂಡರು. 2019ರ ಜುಲೈನಲ್ಲಿ ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯವು ಈ ಶಿಕ್ಷೆಗಳು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು. ಅಷ್ಟರೊಳಗೆ ಮೂರೂವರೆ ವರ್ಷ ಕಳೆದಿತ್ತು.

ಕವಿತೆ ಕೆಲಸ ಮಾಡುವ ಕ್ರಮ ಬೇರೆ. ಅದನ್ನು ವಿವರಿಸಲು ನಮ್ಮ ಜಿಲ್ಲೆಯ ಓದುಗರಿಗೆ ತಾಳಮದ್ದಳೆಗಿಂತ ಹತ್ತಿರದ ಹೋಲಿಕೆ ಇರಲಾರದು. ಅದರಲ್ಲಿ ವೇಷವಿಲ್ಲದೆ ಕುಳಿತು ಪಾತ್ರದ ಮಾತನ್ನಾಡುವವರನ್ನು ಅರ್ಥಧಾರಿ ಎನ್ನುತ್ತಾರೆ. ವಾಲಿಯ ಪ್ರಸಂಗದಲ್ಲಿ ಅರ್ಥಧಾರಿಯೊಬ್ಬರು ವಾಲಿಯಾಗಿ ಕುಳಿತು ರಾಮನನ್ನು ಕೇಳುತ್ತಾರೆ: ನೀನು ಧರ್ಮಿಷ್ಠನಾದರೆ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ, ನನಗೂ ನಿನಗೂ ಯಾವ ಹಗೆ ಇತ್ತು, ನನ್ನ ಮಾತನ್ನು ಒಮ್ಮೆಯಾದರೂ ಕೇಳಿದೆಯಾ? ಪ್ರಶ್ನೆ ವಾಲಿಯದು, ಸಾವಿರಾರು ವರ್ಷ ಹಳೆಯದು, ಕಥೆಯ ಕೊನೆಯೂ ಎಲ್ಲರಿಗೂ ಗೊತ್ತು. ಆದರೂ ಎದುರು ಕುಳಿತವರಲ್ಲಿ ವಿಚಾರಣೆಯಿಲ್ಲದೆ ಪೆಟ್ಟು ತಿಂದವನೊಬ್ಬ ಇದ್ದರೆ ಅವನಿಗೆ ಅದು ತನ್ನದೇ ಪ್ರಶ್ನೆಯಾಗಿ ಕೇಳುತ್ತದೆ. ಅರ್ಥಧಾರಿ ಇವತ್ತಿನ ಯಾರ ಹೆಸರನ್ನೂ ಹೇಳಿರುವುದಿಲ್ಲ. ಹೆಸರನ್ನು ತುಂಬಿಕೊಂಡವನು ಕೇಳುಗ.

ಕವಿತೆಯಲ್ಲಿಯೂ ‘ನಾನು’ ಎನ್ನುವವನು ಕವಿಯೇ ಆಗಿರಬೇಕೆಂದಿಲ್ಲ. ಮನವಿಪತ್ರ ತನ್ನ ಅರ್ಥವನ್ನು ಪೂರ್ತಿಯಾಗಿ ತಾನೇ ಹೇಳಿಬಿಡುತ್ತದೆ. ಕವಿತೆ ಅರ್ಧ ಹೇಳಿ ಉಳಿದರ್ಧವನ್ನು ಓದುವವರಿಗೆ ಬಿಡುತ್ತದೆ. ಹೀಗೆ ಅರ್ಥವನ್ನು ಪೂರ್ಣಗೊಳಿಸುವ ಹೊಣೆ ಬರೆದವರಿಂದ ಓದುವವರಿಗೆ ದಾಟುತ್ತದೆ, ಮತ್ತು ಓದುವವರಲ್ಲಿ ಅಧಿಕಾರಿಯೂ ಒಬ್ಬ. ಒಂದು ಕವಿತೆಯಲ್ಲಿ ಬರುವ ದುಷ್ಟ ಅರಸ ತಮ್ಮನ್ನೇ ಕುರಿತದ್ದು ಎಂದು ಶಿಕ್ಷೆ ಕೊಡಬೇಕಾದರೆ, ಆ ಹೋಲಿಕೆಯನ್ನು ಮೊದಲು ಶಿಕ್ಷೆ ಕೊಡುವವರೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಒತ್ತಡದಲ್ಲಿರುವ ಅಧ್ಯಾಪಕರು ಕವಿತೆಯ ಕಡೆಗೆ ತಿರುಗುವುದಕ್ಕೆ ಇದು ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಇನ್ನೊಂದು ಸರಳ ಕಾರಣ ನೆನಪು: ಪ್ರಾಸ ಮತ್ತು ಲಯ ಇರುವ ನಾಲ್ಕು ಸಾಲುಗಳನ್ನು ಮುದ್ರಿಸದೆಯೂ ಹಂಚಬಹುದು.

ಕವಿಗಳು ಹಿಡಿದ ದಾರಿಗಳು

ಆಫ್ರಿಕದ ಮಲಾವಿ ದೇಶವನ್ನು 1994ರವರೆಗೆ ಆಳಿದ ಹೇಸ್ಟಿಂಗ್ಸ್ ಬಂಡಾ ಅವರ ಕಾಲದಲ್ಲಿ ಜಾಕ್ ಮಪಾಂಜೆ ಎಂಬುವರು ಅಲ್ಲಿನ ವಿಶ್ವವಿದ್ಯಾಲಯದ ಚಾನ್ಸಲರ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಕಲಿಸುತ್ತಿದ್ದರು. 1981ರಲ್ಲಿ ಬಂದ ಅವರ ಮೊದಲ ಸಂಕಲನದಲ್ಲಿ ಗೋಸುಂಬೆ, ದೇವರು, ಸೃಷ್ಟಿಯ ಕಥೆ ಮುಂತಾದ ಜಾನಪದ ಸಾಮಗ್ರಿ ತುಂಬಿತ್ತು. ಆ ಪುರಾಣಗಳನ್ನು ಬಲ್ಲ ಓದುಗರು ಅವುಗಳಲ್ಲಿ ತಮ್ಮ ದೇಶದ ಅಂದಿನ ಸ್ಥಿತಿಯನ್ನು ಕಂಡರು. ಪುರಾಣದ ವೇಷ ಹಾಕಿ ಇವತ್ತಿನ ಮಾತು ಆಡುವ ಈ ದಾರಿ ನಮಗೆ ಹೊಸದಲ್ಲ.

ದಕ್ಷಿಣ ಆಫ್ರಿಕದ ಡೆನ್ನಿಸ್ ಬ್ರೂಟಸ್ ಅವರದು ಪತ್ರದ ದಾರಿ. ಪೋರ್ಟ್ ಎಲಿಜಬೆತ್ ಊರಿನಲ್ಲಿ ಪ್ರೌಢಶಾಲೆಯ ಅಧ್ಯಾಪಕರಾಗಿದ್ದ ಅವರನ್ನು ವರ್ಣಭೇದ ಸರ್ಕಾರ ಮೊದಲು ಕೆಲಸದಿಂದ ತೆಗೆಯಿತು, ಆಮೇಲೆ ರಾಬೆನ್ ದ್ವೀಪದ ಜೈಲಿಗೆ ಕಳಿಸಿತು. 1965ರಲ್ಲಿ ಬಿಡುಗಡೆಯಾದಾಗ ಪ್ರಕಟಣೆಗೆಂದು ಏನನ್ನೂ ಬರೆಯಕೂಡದೆಂಬ ನಿಷೇಧವಿತ್ತು. ಪತ್ರ ಬರೆಯಬಾರದೆಂದು ಮಾತ್ರ ಯಾರೂ ಹೇಳಿರಲಿಲ್ಲ. ಅವರು ಜೈಲಿನ ಅನುಭವವನ್ನು ತಮ್ಮ ನಾದಿನಿಗೆ ಬರೆದ ಪತ್ರಗಳ ರೂಪದಲ್ಲಿ ಕವಿತೆಗಳಾಗಿಸಿದರು. 1968ರಲ್ಲಿ, ಅವರು ದೇಶ ಬಿಟ್ಟ ನಂತರ, ಅವು ಪುಸ್ತಕವಾದವು. ಮುಂದೆ ಅವರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರಾದರು.

ಮೂರನೆಯದು ಇತ್ತೀಚೆಗೆ ಅಮೆರಿಕದಲ್ಲಿ ಬಹಳ ಬಳಕೆಯಲ್ಲಿರುವ ದಾರಿ, ನಮ್ಮಲ್ಲಿ ಅಪರೂಪ. ಕವಿ ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಒಂದು ಸರ್ಕಾರಿ ಕಾಗದವನ್ನು ತೆಗೆದುಕೊಂಡು ಅದರ ಬಹುಪಾಲು ಶಬ್ದಗಳ ಮೇಲೆ ಮಸಿ ಬಳಿದು, ಉಳಿದ ಶಬ್ದಗಳನ್ನಷ್ಟೇ ಓದಿಸುತ್ತಾನೆ. ಇದನ್ನು ಅಳಿಸು ಕವಿತೆ ಎನ್ನಬಹುದು. ವಿವರಣೆಗಾಗಿ ನಾನೇ ಒಂದು ಸುತ್ತೋಲೆಯನ್ನು ಕಲ್ಪಿಸಿಕೊಳ್ಳುತ್ತೇನೆ:

‘ಅಧ್ಯಾಪಕರು ಪಠ್ಯಕ್ರಮಕ್ಕೆ ಸಂಬಂಧಿಸದ ಯಾವ ವಿಷಯವನ್ನೂ ತರಗತಿಯಲ್ಲಿ ಲಿಖಿತ ಅನುಮತಿಯಿಲ್ಲದೆ ಚರ್ಚಿಸತಕ್ಕದ್ದಲ್ಲ. ಉಲ್ಲಂಘನೆಯನ್ನು ಕಂಡೂ ಮೌನವಾಗಿ ಇದ್ದ ವಿಭಾಗ ಮುಖ್ಯಸ್ಥರು ಸಹ ಹೊಣೆಗಾರರು.’

ಇದರಲ್ಲಿ ನಾಲ್ಕು ಶಬ್ದ ಬಿಟ್ಟು ಉಳಿದದ್ದನ್ನು ಅಳಿಸಿದರೆ ಸಿಗುವುದು:

ಅಧ್ಯಾಪಕರು
ತರಗತಿಯಲ್ಲಿ
ಮೌನವಾಗಿ
ಹೊಣೆಗಾರರು.

ಒಂದು ಅಕ್ಷರವೂ ಕವಿಯದಲ್ಲ, ಎಲ್ಲವೂ ಸುತ್ತೋಲೆಯದೇ. ಆದರೆ ಸುತ್ತೋಲೆ ಹೇಳಲು ಬಯಸದೆ ಇದ್ದ ಸಂಗತಿ ಅದರೊಳಗಿಂದಲೇ ಎದ್ದು ಬಂದಿದೆ. ಅಮೆರಿಕದ ರಾಷ್ಟ್ರಕವಿಯಾಗಿದ್ದ, ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಸುವ ಟ್ರೇಸಿ ಕೆ. ಸ್ಮಿತ್ ಅವರು ತಮ್ಮ ದೇಶದ ಸ್ವಾತಂತ್ರ್ಯ ಘೋಷಣೆಯ ಪಠ್ಯವನ್ನೇ ಹೀಗೆ ಅಳಿಸಿ, ಅದರಿಂದ ಗುಲಾಮರಾಗಿದ್ದವರ ದನಿ ಹೊರಡುವಂತೆ ಮಾಡಿದ್ದಾರೆ. ತರಗತಿಯಲ್ಲಿ ಮಾಡಿಸಲು ಇದು ಒಳ್ಳೆಯ ಅಭ್ಯಾಸವೂ ಹೌದು. ಅಧಿಕೃತ ಭಾಷೆಯನ್ನು ಎಚ್ಚರದಿಂದ ಓದುವುದನ್ನು ಕಲಿಸುತ್ತದೆ.

ನಮ್ಮ ಕರಾವಳಿಗೆ ತನ್ನದೇ ಆದ ನಾಲ್ಕು ಸಾಲಿನ ದಾರಿಯೊಂದಿದೆ. ಅಂಕೋಲೆಯ ರೈತರನ್ನು ಸಂಘಟಿಸಿದ್ದಕ್ಕಾಗಿ ಬ್ರಿಟಿಷ್ ಆಡಳಿತ ದಿನಕರ ದೇಸಾಯಿಯವರನ್ನು 1940ರಲ್ಲಿ ಜಿಲ್ಲೆಯಿಂದ ಗಡೀಪಾರು ಮಾಡಿತು. ಅವರು ಉಪನ್ಯಾಸಕರಾಗಿರಲಿಲ್ಲ, ಆದರೆ ಈ ಜಿಲ್ಲೆಯ ಶಿಕ್ಷಣಕ್ಕೆ ಅವರಷ್ಟು ಮಾಡಿದವರು ವಿರಳ: 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್, 1966ರಲ್ಲಿ ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಅವರ ಕೆಲಸ. ಅವರ ಚುಟುಕಗಳು ಅಧಿಕಾರಸ್ಥರನ್ನು, ಭ್ರಷ್ಟರನ್ನು, ಸೋಗಿನವರನ್ನು ನಾಲ್ಕೇ ಸಾಲಿನಲ್ಲಿ ಹಿಡಿದವು. ಅವು ಪತ್ರಿಕೆಯಿಂದ ಬಾಯಿಗೆ, ಬಾಯಿಯಿಂದ ಬಾಯಿಗೆ ಹೋದವು. ಉದ್ದದ ಲೇಖನವನ್ನು ಯಾರೂ ಬಸ್ ನಿಲ್ದಾಣದಲ್ಲಿ ಒಪ್ಪಿಸಲಾರರು.

ಕವಿತೆ ಕವಿಯನ್ನು ಕಾಯುತ್ತದೆಯೇ?

ಇಲ್ಲ, ಮತ್ತು ಇದನ್ನು ನೇರವಾಗಿಯೇ ಹೇಳಬೇಕು. ಕವಿತೆ ಒಂದು ಮರೆ, ಅದರ ಹಿಂದೆ ನಿಂತರೆ ಪೆಟ್ಟು ತಾಗದು ಎಂಬ ನಂಬಿಕೆಗೆ ಇತಿಹಾಸದಲ್ಲಿ ಆಧಾರ ಕಡಿಮೆ.

ಧಾರವಾಡದಲ್ಲಿ ಶಿಕ್ಷಕರಾಗಿದ್ದ ದ. ರಾ. ಬೇಂದ್ರೆಯವರ ‘ನರಬಲಿ’ ಕವಿತೆಯಲ್ಲಿ ಬ್ರಿಟಿಷ್ ಸರ್ಕಾರ ರಾಜದ್ರೋಹ ಕಂಡಿತು. 1932ರಲ್ಲಿ ಅವರು ಬೆಳಗಾವಿಯ ಹಿಂಡಲಗಿ ಜೈಲು ಸೇರಿದರು, ನಂತರ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧದಲ್ಲಿ ಕಾಲ ಕಳೆದರು. ಆಗ ಉತ್ತರ ಕನ್ನಡವೂ ಧಾರವಾಡವೂ ಒಂದೇ ಮುಂಬಯಿ ಪ್ರಾಂತ್ಯದಲ್ಲಿದ್ದವು. ಶಿಕ್ಷೆ ಜೈಲಿನ ಬಾಗಿಲಿನಲ್ಲಿ ಮುಗಿಯಲಿಲ್ಲ. ಸ್ಥಿರವಾದ ಕೆಲಸ ಸಿಗದೆ ಅವರು ವರ್ಷಗಳ ಕಾಲ ಅಲೆದರು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದ ಮೇಲಷ್ಟೇ ಬದುಕು ಒಂದು ನೆಲೆಗೆ ಬಂತು. ಒಂದು ಕವಿತೆಯ ಬೆಲೆ ಅಧ್ಯಾಪಕನೊಬ್ಬನ ಹನ್ನೆರಡು ವರ್ಷಗಳ ಅಭದ್ರತೆ.

ಅರ್ಥವನ್ನು ಅಧಿಕಾರಿಯೇ ಬಿಡಿಸಬೇಕಾಗುತ್ತದೆ ಎಂದು ಮೇಲೆ ಹೇಳಿದೆ. ಮಲಾವಿಯ ಆಡಳಿತ ಆ ಗೋಜಿಗೇ ಹೋಗಲಿಲ್ಲ. ಮಪಾಂಜೆಯವರ ಪುಸ್ತಕವನ್ನು 1985ರಲ್ಲಿ ಅಂಗಡಿ, ಗ್ರಂಥಾಲಯಗಳಿಂದ ತೆಗೆಸಿತು. 1987ರ ಸೆಪ್ಟೆಂಬರಿನಲ್ಲಿ ಅವರನ್ನು ಬಂಧಿಸಿತು. 1991ರ ಮೇ ತಿಂಗಳಲ್ಲಿ ಬಿಟ್ಟಿತು. ಈ ಮೂರೂವರೆ ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಒಂದು ಆರೋಪವನ್ನೂ ಹೊರಿಸಲಿಲ್ಲ. ಕಾನೂನಿನ ಹಂಗೇ ಇಲ್ಲದ ಕಡೆ ಕವಿತೆಯ ಸೂಕ್ಷ್ಮತೆಗೆ ಬೆಲೆಯಿಲ್ಲ. ಆದರೆ ಅವರ ಹೆಸರನ್ನು ಹೊರದೇಶಗಳ ಲೇಖಕರು, ಓದುಗರು ಮರೆಯದೆ ಬಿಡುಗಡೆಗಾಗಿ ನಿರಂತರ ಒತ್ತಾಯಿಸಿದರು, ಮತ್ತು ಅವರ ಹೆಸರು ಅಷ್ಟು ಜನರಿಗೆ ಗೊತ್ತಾಗಿದ್ದು ಕವಿತೆಗಳಿಂದ.

ನಮ್ಮ ದೇಶದ ಇತ್ತೀಚಿನ ಪ್ರಕರಣ ದೆಹಲಿ ವಿಶ್ವವಿದ್ಯಾಲಯದ ರಾಮ್ ಲಾಲ್ ಆನಂದ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜಿ. ಎನ್. ಸಾಯಿಬಾಬಾ ಅವರದು. ಮಾವೋವಾದಿಗಳ ಜೊತೆ ಸಂಬಂಧ ಇದೆ ಎಂಬ ಆರೋಪದ ಮೇಲೆ ಅವರನ್ನು 2014ರಲ್ಲಿ ಬಂಧಿಸಲಾಯಿತು, 2017ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2021ರಲ್ಲಿ ಕಾಲೇಜು ಅವರನ್ನು ಕೆಲಸದಿಂದ ತೆಗೆಯಿತು. ಇಲ್ಲಿ ಕವಿತೆ ಆರೋಪದ ಕಾರಣವಾಗಿರಲಿಲ್ಲ. ಗಾಲಿಕುರ್ಚಿಯಲ್ಲಿದ್ದ ಅವರು ನಾಗಪುರದ ಜೈಲಿನಿಂದ ಹೆಂಡತಿಗೂ ಗೆಳೆಯರಿಗೂ ಬರೆದ ಪತ್ರ ಮತ್ತು ಕವಿತೆಗಳು 2022ರಲ್ಲಿ ಪುಸ್ತಕವಾಗಿ ಬಂದವು. ಬಾಂಬೆ ಹೈಕೋರ್ಟು 2024ರ ಮಾರ್ಚ್ 5ರಂದು ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅದೇ ವರ್ಷದ ಅಕ್ಟೋಬರ್ 12ರಂದು ಅವರು ತೀರಿಕೊಂಡರು. ಪಾಠ ಹೇಳುವ ಕೆಲಸಕ್ಕೆ ಅವರು ಮರಳಲಾಗಲೇ ಇಲ್ಲ.

ಕಾನೂನು ಎಲ್ಲಿ ನಿಲ್ಲುತ್ತದೆ?

ಸರ್ಕಾರಿ ಕಾಲೇಜಿನ ಅಧ್ಯಾಪಕರು ಸರ್ಕಾರಿ ನೌಕರರೂ ಹೌದು. ಸರ್ಕಾರಿ ನೌಕರರ ನಡತೆ ನಿಯಮಗಳು ಸಾಮಾನ್ಯವಾಗಿ, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವುದನ್ನು ತಡೆಯುತ್ತವೆ. ಶುದ್ಧ ಸಾಹಿತ್ಯ, ಕಲೆ, ವಿಜ್ಞಾನದ ಬರವಣಿಗೆಯನ್ನು ಬೇರೆಯಾಗಿ, ಸ್ವಲ್ಪ ಸಡಿಲವಾಗಿ ನೋಡುತ್ತವೆ. ಕವಿತೆ ಈ ಎರಡರ ಗಡಿಯ ಮೇಲೆ ನಿಂತಿದೆ. ನೀರಿಲ್ಲದ ಹಳ್ಳಿಯ ಕುರಿತ ಕವಿತೆ ಸಾಹಿತ್ಯವೋ ನೀರಾವರಿ ನೀತಿಯ ಟೀಕೆಯೋ? ಉತ್ತರ ನಿಯಮದಲ್ಲಿ ಸಿಗುವುದಿಲ್ಲ, ಅದನ್ನು ಓದುವ ಮೇಲಧಿಕಾರಿಯ ಮನಸ್ಸಿನಲ್ಲಿ ಸಿಗುತ್ತದೆ. ನಡತೆ ನಿಯಮದ ಶಿಕ್ಷೆ ಇಲಾಖೆಯೊಳಗಿನದು, ಅದಕ್ಕೂ ಕ್ರಿಮಿನಲ್ ಮೊಕದ್ದಮೆಗೂ ವ್ಯತ್ಯಾಸವಿದೆ ಎಂಬುದನ್ನೂ ಗಮನಿಸಬೇಕು.

ಕ್ರಿಮಿನಲ್ ಕಾನೂನಿನ ಮಟ್ಟಿಗೆ 2025ರ ಮಾರ್ಚ್ ತೀರ್ಪು ಮಹತ್ವದ್ದು. ರಾಜ್ಯಸಭಾ ಸದಸ್ಯ, ಉರ್ದು ಕವಿ ಇಮ್ರಾನ್ ಪ್ರತಾಪಗಢಿ ಅವರು ಹಂಚಿಕೊಂಡ ವಿಡಿಯೊದಲ್ಲಿದ್ದ ಕವಿತೆ ಗುಂಪುಗಳ ನಡುವೆ ದ್ವೇಷ ಹುಟ್ಟಿಸುತ್ತದೆ ಎಂದು ಗುಜರಾತಿನ ಜಾಮನಗರದಲ್ಲಿ ದೂರು ದಾಖಲಾಗಿತ್ತು. ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕ ಮತ್ತು ಉಜ್ಜಲ್ ಭುಯಾನ್ ಅವರು ಕವಿತೆಯನ್ನು ಓದಿ, ಅನ್ಯಾಯವನ್ನು ಪ್ರೀತಿಯಿಂದ ಎದುರಿಸುವ ಮಾತು ಅದರಲ್ಲಿದೆ, ಅಪರಾಧವಿಲ್ಲ ಎಂದರು. ಆ ತೀರ್ಪಿನಿಂದ ಎರಡು ವಿಷಯ ಖಚಿತವಾದವು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳ ವ್ಯಕ್ತಿಯ ಅಳತೆಯಿಂದ ನೋಡಬೇಕು. ಟೀಕೆ ಕಂಡೊಡನೆ ಬೆದರುವವರ ಅಳತೆಯಿಂದಲ್ಲ. ಮತ್ತು ಇಂಥ ಮಾತಿನ ಅಪರಾಧಗಳಿಗೆ ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆ ಇದ್ದಾಗ, ಎಫ್‌ಐಆರ್ ಹಾಕುವ ಮೊದಲು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(3)ನೇ ಕಲಮಿನಡಿ ಪ್ರಾಥಮಿಕ ವಿಚಾರಣೆ ನಡೆಸಿ, ಮೇಲ್ನೋಟಕ್ಕೆ ಪ್ರಕರಣ ಇದೆಯೇ ಎಂದು ನೋಡುವುದು ಸೂಕ್ತ. ಅಂದರೆ ಠಾಣೆಯಲ್ಲಿ ಯಾರಾದರೂ ಮೊದಲು ಕವಿತೆಯನ್ನು ಓದಬೇಕು.

ಕವಿತೆಗೆ ಆಗದ ಕೆಲಸ

ಕೆಲಸ ಕಳೆದುಕೊಂಡವರಿಗೆ ಕೆಲಸವನ್ನು ಕವಿತೆ ಮರಳಿ ಕೊಡುವುದಿಲ್ಲ. 1960ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರೆಲ್ಲ ತಾವು ಕಮ್ಯುನಿಸ್ಟರಲ್ಲ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿತ್ತು. ಇಂಗ್ಲಿಷ್ ಬೋಧಕ ಹ್ಯಾರಿ ಕೀಷಿಯನ್ ಸಹಿ ಹಾಕಲಿಲ್ಲ. ಅವರ ಒಂದು ವರ್ಷದ ಒಪ್ಪಂದವನ್ನು ನವೀಕರಿಸಲಿಲ್ಲ. ಗ್ರಂಥಾಲಯದಲ್ಲಿ ಕೆಲಸ ಮಾಡುತ್ತ ಅರೆಕಾಲಿಕವಾಗಿ ಇಂಗ್ಲಿಷ್ ಕಲಿಸುತ್ತಿದ್ದ ಜಾರ್ಜ್ ಸ್ಟಾರ್‌ಬಕ್ ಅವರಿಗೆ ಪ್ರಮಾಣಪತ್ರದ ಬದಲು ಒಂದು ಪ್ರಶ್ನೆಗೆ ಪ್ರಮಾಣ ಮಾಡಿ ಲಿಖಿತ ಉತ್ತರ ಕೊಡಲು ಹೇಳಿದರು. ಅವರು ಒಪ್ಪಲಿಲ್ಲ, ವಜಾ ಆದರು. ಸ್ಟಾರ್‌ಬಕ್ ಆ ಹೊತ್ತಿಗಾಗಲೇ ಹೆಸರು ಮಾಡಿದ್ದ ಕವಿ. ಆದರೆ ಅವರೂ ಸಹೋದ್ಯೋಗಿಗಳೂ ಈ ನಿಯಮವನ್ನು ಕವಿತೆಯಿಂದ ಎದುರಿಸಲಿಲ್ಲ, ನ್ಯಾಯಾಲಯಕ್ಕೆ ಹೋದರು. 1967ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಿಂದ ಆ ನಿಯಮಗಳನ್ನು ಹೊಡೆದುಹಾಕಿ, ಶೈಕ್ಷಣಿಕ ಸ್ವಾತಂತ್ರ್ಯ ಸಂವಿ­ಧಾನದ ವಿಶೇಷ ಕಾಳಜಿಗೆ ಸೇರಿದ್ದು ಎಂದಿತು.

ಒಂದು ವರ್ಷದ ಒಪ್ಪಂದ, ಅರೆಕಾಲಿಕ ಪಾಠ: ನಮ್ಮ ಅತಿಥಿ ಉಪನ್ಯಾಸಕರಿಗೆ ಈ ವಿವರಗಳು ಪರಿಚಿತ ಅನ್ನಿಸದೆ ಇರಲಾರವು. ಬಫಲೊದಲ್ಲಿ ಕೇಳಿದ್ದು ಕಾಗದದ ಮೇಲಿತ್ತು, ಆದ್ದರಿಂದ ನ್ಯಾಯಾಲಯದ ಮುಂದೆ ಇಡಲು ಒಂದು ವಸ್ತುವಿತ್ತು. ನಮ್ಮ ಕಡೆ ಒತ್ತಡ ಬರುವುದು ಹೆಚ್ಚಾಗಿ ಮಾತಿನಲ್ಲಿ, ಪ್ರಾಂಶುಪಾಲರ ಕೋಣೆಯಲ್ಲಿ ಹಿತವಚನದ ರೂಪದಲ್ಲಿ. ಆದ್ದರಿಂದ ಯಾವುದೇ ಸೂಚನೆಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವುದು, ನೇಮಕದ ಷರತ್ತುಗಳ ಪ್ರತಿಯನ್ನು ಇಟ್ಟುಕೊಳ್ಳುವುದು, ಅಧ್ಯಾಪಕರ ಸಂಘಕ್ಕೆ ಆಗಲೇ ತಿಳಿಸುವುದು ಕವಿತೆ ಬರೆಯುವವರಿಗೂ ತಪ್ಪಿದ್ದಲ್ಲ. ಲಿಖಿತವಾಗಿ ಏನೂ ಉಳಿಯದ ಪ್ರಕರಣಗಳಲ್ಲಿ, ಆ ದಿನ ಆ ಕೋಣೆಯಲ್ಲಿ ಏನು ನಡೆಯಿತು ಎಂಬುದಕ್ಕೆ ಅಧ್ಯಾಪಕರೇ ಬರೆದಿಟ್ಟ ಕವಿತೆಯ ಹೊರತು ಬೇರೆ ದಾಖಲೆ ಇರುವುದಿಲ್ಲ. ಅದನ್ನು ನ್ಯಾಯಾಲಯ ಸಾಕ್ಷ್ಯವೆಂದು ಒಪ್ಪುವ ಸಂಭವ ಕಡಿಮೆ, ಓದುಗರು ಒಪ್ಪುತ್ತಾರೆ.